ಮೀನೆಣ್ಣೆಯ ಹಾಲು

ಗಂಗಾಂಬಿಕೆ ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸತೊಡಗಿ ವರ್ಷದ ಮೇಲಾಗಿತ್ತು. ಸಾರು ಕುದಿಯುತ್ತಿರಲಿ, ಅನ್ನದ ಗಂಜಿ ಉಕ್ಕುತ್ತಿರಲಿ, ಸೀದಾ ಹೋಗಿ ಎರಡು ಕೈಯಲ್ಲಿ ಹಿಡಿದು ಇಳಿಸಿಬಿಡುತ್ತಿದ್ದಳು.

“ಬಟ್ಟೆ ಹಿಡ್ಕಂಡು ಇಳ್ಸೇ, ಕೈ ಸುಡ್ತದೆ,” ಎಂದು ಅತ್ತೆ ಬಸವಲಿಂಗಮ್ಮ ಪ್ರತಿ ಸಲವೂ ಹೇಳುತ್ತಿದ್ದರು.

“ಸುಡ್ತಿಲ್ಲ ಅತ್ತೆ.”

ಅದು ಸೊಸೆಯ ಗತ್ತಲ್ಲ. ಸುಟ್ಟದ್ದು ಅವಳಿಗೆ ನಿಜವಾಗಿಯೂ ತಿಳಿಯುತ್ತಿರಲಿಲ್ಲ. ಎಮರ್ಜೆನ್ಸಿ ಮುಗಿದ ವರ್ಷ ಗುಬ್ಬಿಯ ಪೇಟೆ ಬೀದಿಗೆ ದಡಾರ ಬಂದು ಮನೆಮನೆಯ ಬಾಗಿಲಿಗೂ ಬೇವಿನ ಸೊಪ್ಪು ಕಟ್ಟುವಂತಾಗಿತ್ತು. ಗಂಗಾಂಬಿಕೆಯ ಎರಡು ಮಕ್ಕಳೂ ಮಲಗಿದವು. ಎದ್ದದ್ದು ಒಂದೇ. ಆಗತಾನೆ ಗೋಡೆ ಹಿಡಿದು ನಿಲ್ಲುತ್ತಿದ್ದ ಗಂಡುಮಗು ಹೋಯಿತು, ಹಿರಿಯವಳು ದಾಕ್ಷಾಯಿಣಿ ಉಳಿದಳು. ಮಗುವನ್ನು ಮಣ್ಣು ಮಾಡಿದ ದಿನ ಗಂಗಾಂಬಿಕೆ ಬೀದಿಗೆಲ್ಲ ಕೇಳುವಂತೆ ಅತ್ತಳು. ಮಾರನೆಯ ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿದಳು. ಅಲ್ಲಿಂದಾಚೆಗೆ ಅವಳು ಅತ್ತದ್ದನ್ನಾಗಲಿ ನಕ್ಕದ್ದನ್ನಾಗಲಿ ಯಾರೂ ನೋಡಲಿಲ್ಲ. ಕೆಲಸ ಮಾತ್ರ ಒಂದೂ ತಪ್ಪಲಿಲ್ಲ. ಕೆಲಸ ತಪ್ಪಿಸದ ಸೊಸೆಗೆ ಏನಾಗಿದೆ ಎಂದು ಕೇಳುವ ರೂಢಿ ಯಾವ ಮನೆಯಲ್ಲಿದೆ ಹೇಳಿ.

ಉಳಿದ ದಾಕ್ಷಿಯೂ ಮೊದಲಿನ ದಾಕ್ಷಿಯಾಗಿರಲಿಲ್ಲ. ಹಿಂದೆ ತಾತ ಚನ್ನವೀರಯ್ಯನವರ ಅಂಗಡಿಯಲ್ಲಿ ವಿಭೂತಿ ಗಟ್ಟಿಗಳನ್ನು ಸಾಲಾಗಿ ಜೋಡಿಸಿ, ಬಂದವರಿಗೆಲ್ಲ ದರ ಹೇಳುತ್ತಿದ್ದ ಚೂಟಿ ಹುಡುಗಿ ಅದು. ಈಗ ಕೈಕಾಲು ಕಡ್ಡಿಯಾಗಿ, ಕರೆದರೆ ಒಂದು ಗಳಿಗೆ ಬಿಟ್ಟು ತಿರುಗಿ ನೋಡುತ್ತಿತ್ತು. ಸಂಜೆಯಾದರೆ ನಡುಮನೆಯ ಕಂಬ ತಬ್ಬಿ ಕೂತುಬಿಡುತ್ತಿತ್ತು. ಎಬ್ಬಿಸಿದರೆ ಒರಳು ಎಡವುತ್ತಿತ್ತು, ತಂಬಿಗೆ ಉರುಳಿಸುತ್ತಿತ್ತು. ಒಮ್ಮೆ ಅಜ್ಜಿಯ ಲಿಂಗಪೂಜೆಗೆಂದು ಬಿಡಿಸಿಟ್ಟಿದ್ದ ಹೂವಿನ ತಟ್ಟೆಯನ್ನೇ ತುಳಿದುಕೊಂಡು ಹೋಯಿತು.

“ದಡಾರ ಹೋಗ್ತಾ ಬುದ್ಧೀನೂ ಕಟ್ಕಂಡ್ ಹೋಯ್ತು,” ಎಂದು ಬಸವಲಿಂಗಮ್ಮ ಹೂ ಆರಿಸುತ್ತಾ ನಿಟ್ಟುಸಿರು ಬಿಟ್ಟರು. ಹೊಡೆಯಲಿಲ್ಲ. ಆಮೇಲೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ನೆತ್ತಿಗೆ ಹರಳೆಣ್ಣೆ ತಟ್ಟಿದರು.

ಶಾಲೆಯ ಸದಾಶಿವಯ್ಯ ಮೇಷ್ಟ್ರು ಒಂದು ದಿನ ಅಂಗಡಿಗೇ ಬಂದು ಊದುಬತ್ತಿ ಕೊಳ್ಳುತ್ತಾ ವಿಷಯ ತೆಗೆದರು. ಒಂದನೇ ಕ್ಲಾಸಿನಲ್ಲಿ ಹುಡುಗಿ ಹಿಂದಿನ ಸಾಲಿಗೆ ಬಿದ್ದಿದೆ, ಇವತ್ತು ತಿದ್ದಿಸಿದ ಅಕ್ಷರ ನಾಳೆಗೆ ಇರುವುದಿಲ್ಲ ಎಂದರು. ಆ ರಾತ್ರಿ ಊಟಕ್ಕೆ ಕೂತಾಗ ಗಂಗಾಂಬಿಕೆಯ ಗಂಡ ಷಡಕ್ಷರಿ ಕಡ್ಡಿ ಮುರಿದಂತೆ ಹೇಳಿಬಿಟ್ಟ. ಕೊಬ್ಬರಿ ಮಂಡಿಯಲ್ಲಿ ಬೆಳಗಿನಿಂದ ಮೂಟೆ ತೂಗಿಸಿ ಬಂದವನಿಗೆ ಮಾತು ಬೆಳೆಸುವ ಶಕ್ತಿ ಇರಲಿಲ್ಲ.

“ಉಗಾದಿಗೆ ಶಾಲೆ ಬಿಡ್ಸವ. ಹೆಣ್ಮಗು. ಮನೇಲಿದ್ದು ಕಸ ಮುಸುರೆ ಕಲೀಲಿ.”

“ಇಷ್ಟ್ ಬೇಗ್ನೆ ಯಾಕ್ಲಾ?” ಎಂದರು ಚನ್ನವೀರಯ್ಯ.

“ತಲೆಗೆ ಹತ್ತದೇ ಇರೋದನ್ನ ತುರುಕಿ ಏನಪ್ಪ ಮಾಡದು?”

ಗಂಗಾಂಬಿಕೆ ಮುದ್ದೆ ಬಡಿಸುತ್ತಿದ್ದಳು. ಎಲ್ಲರೂ ಅವಳ ಕಡೆ ನೋಡಿದರು. ಅವಳು ಮಾವನ ತಟ್ಟೆಗೆ ಸಾರು ಬಿಟ್ಟಳು.

ಆಗ ಶಾಲೆಯಲ್ಲಿ ಮಧ್ಯಾಹ್ನ ಹಾಲು ಕೊಡುತ್ತಿದ್ದರು. ಚೀಲದಲ್ಲಿ ಬರುವ ಪುಡಿಯನ್ನು ಆಯಾ ಕುಲ್ಸುಂ ಬೀ ದೊಡ್ಡ ದಬರಿಯಲ್ಲಿ ಬಿಸಿನೀರಿಗೆ ಕಲಸಿ, ಗಂಟು ಒಡೆದು, ಮಕ್ಕಳು ಮನೆಯಿಂದ ತಂದ ಲೋಟಗಳಿಗೆ ಹುಯ್ಯುತ್ತಿದ್ದಳು. ಬಸವಲಿಂಗಮ್ಮ ದೀಕ್ಷೆ ಪಡೆದವರು. ಎರಡು ಹೊತ್ತು ಲಿಂಗಪೂಜೆಯಾಗದೆ ಬಾಯಿಗೆ ಏನೂ ಹಾಕಿಕೊಳ್ಳದವರು. ಆದರೂ ಶಾಲೆಯ ಹಾಲಿಗೆ ತಕರಾರು ತೆಗೆದಿರಲಿಲ್ಲ. ಶಾಲೆ ಎಂದರೆ ಸರ್ಕಾರ, ಸರ್ಕಾರಕ್ಕೆ ಜಾತಿ ಇಲ್ಲ ಎಂಬುದು ಅವರ ತೀರ್ಮಾನ. ಆದರೆ ದಾಕ್ಷಿಗೆ ದಡಾರವಾದ ಮೇಲೆ ಹಾಲು ಕಫ ಎಂದು ಪಥ್ಯ ಹಿಡಿಸಿದ್ದರು. ಆ ಪಥ್ಯ ಬಿಡಿಸುವುದು ಯಾರಿಗೂ ನೆನಪಾಗಲಿಲ್ಲ. ದಾಕ್ಷಿ ಲೋಟ ಒಯ್ಯುತ್ತಿರಲಿಲ್ಲ, ಮಿಕ್ಕ ಮಕ್ಕಳು ಕುಡಿಯುವುದನ್ನು ನೋಡುತ್ತಾ ಕೂತಿರುತ್ತಿದ್ದಳು.

ದೀಪಾವಳಿ ಕಳೆದ ಮೇಲೆ ತುಮಕೂರಿನಿಂದ ಒಬ್ಬ ಹುಡುಗು ಡಾಕ್ಟರು ಮಕ್ಕಳನ್ನು ನೋಡಲು ಬಂದರು. ಹೆಸರು ಹಿಡಿದು ಕೆಲವು ತಾಯಂದಿರನ್ನು ಕರೆಸಿದರು. ಗಂಗಾಂಬಿಕೆಯೂ ಹೋದಳು. ಡಾಕ್ಟರು ದಾಕ್ಷಿಯ ಕಣ್ಣಿಗೆ ಟಾರ್ಚು ಬಿಟ್ಟು ನೋಡಿದರು.

“ಸಂಜೆ ಹೊತ್ತು ಎಡವ್ತಾಳಾ?”

“ಹೂಂ.”

“ಯಾವಾಗಿಂದ?”

“ದಡಾರ ಆದ್ಮೇಲೆ.”

“ಇರುಳುಗಣ್ಣು ಇದು. ಮಂಕು ಅಲ್ಲ. ಮಗುಗೆ ಸತ್ವ ಸಾಲ್ದು, ಅದಕ್ಕೇ ಕಣ್ಣೂ ಮಬ್ಬು, ಓದೂ ಮಬ್ಬು. ಇದಕ್ಕೆ ಒಂದು ಔಷಧಿ ಇದೆ, ಈಗ ಮುಗಿದೋಗಿದೆ. ಬಂದ್ರೆ ಕಳಿಸ್ತೀನಿ. ಸೊಪ್ಪು ಕೊಡಿ, ಪರಂಗಿ ಹಣ್ಣು ಕೊಡಿ. ಇಲ್ಲಿ ಹಾಲು ಕೊಡ್ತಾರಲ್ಲ, ಅದನ್ನ ಒಂದು ದಿನಾನೂ ತಪ್ಪಿಸಬೇಡಿ. ಅದ್ರಲ್ಲಿ ಎ ಜೀವಸತ್ವ ಬೆರೆಸಿರ್ತಾರೆ.” ಗಂಗಾಂಬಿಕೆಯ ಮುಖ ನೋಡಿ, ಇವಳಿಗೆ ತಿಳಿಯಲಿಲ್ಲವೆಂದುಕೊಂಡು, ಪಾಪ, ಇನ್ನಷ್ಟು ಸುಲಭ ಮಾಡಿ ಹೇಳಿದರು. “ಮೀನೆಣ್ಣೇಲಿ ಇರುತ್ತಲ್ಲ, ಅದೇ ಸತ್ವ.”

ಬೇರೆ ಯಾವ ಹೋಲಿಕೆ ಕೊಟ್ಟಿದ್ದರೂ ನಡೆಯುತ್ತಿತ್ತು. ಗಂಗಾಂಬಿಕೆಗಾದರೂ ಹೇಳುವ ಮಾತು ಯಾವುದು, ನುಂಗುವ ಮಾತು ಯಾವುದು ಎಂಬ ವಿವೇಚನೆ ಮೊದಲು ಇತ್ತು, ಈಗ ಇರಲಿಲ್ಲ. ಮಧ್ಯಾಹ್ನ ಅತ್ತೆಗೆ ಬಡಿಸುತ್ತಾ ಡಾಕ್ಟರ ಮಾತನ್ನು ಮೊದಲಿಂದ ಕೊನೆಯವರೆಗೆ ಒಪ್ಪಿಸಿಬಿಟ್ಟಳು.

ಬಸವಲಿಂಗಮ್ಮನ ಕೈ ತಟ್ಟೆಯಲ್ಲೇ ನಿಂತಿತು. “ಏನೆಣ್ಣೆ?”

“ಮೀನೆಣ್ಣೆ ಅಂದ್ರು ಅತ್ತೆ.”

“ಹಾಲ್ಗೆ?”

“ಅದ್ರಲ್ಲಿರೋ ಸತ್ವಾನೇ ಇದ್ರಲ್ಲೂ ಐತಂತೆ.”

“ಮೀನಿನ ಸತ್ವ ಮೀನಲ್ದೆ ಇನ್ನೇನೇ? ಕೊರಳಲ್ಲಿ ಲಿಂಗ ಕಟ್ಟಿರೋ ಮಗು ಅದು. ಸದ್ಯ, ಇಷ್ಟ್ ದಿನ ಲೋಟ ಕಳಿಸ್ದೇ ಇದ್ದಿದ್ದೇ ಒಳ್ಳೇದಾಯ್ತು.”

“ಕಣ್ಣು ಸರಿಹೋಗ್ತದೆ ಅಂದ್ರು.”

“ಸೊಪ್ಪು ಹಣ್ಣು ಕೊಡಿ ಅಂದ್ನಲ್ಲ, ಕೊಡವ. ಆ ಹಾಲು ಈ ಮನೆ ಮಗೀನ ಬಾಯಿಗೆ ಬೀಳಬಾರ್ದು. ನಾನಿರೋಗಂಟ ಬೀಳಬಾರ್ದು.”

ಗಂಗಾಂಬಿಕೆ “ಹೂಂ” ಎಂದು ತಟ್ಟೆ ಎತ್ತಿದಳು.

ಷಡಕ್ಷರಿಗೆ ಬುತ್ತಿ ಒಯ್ಯುವುದು ಅವಳ ದಿನದ ಕೆಲಸ. ಮಂಡಿಯ ದಾರಿ ಶಾಲೆಯ ಪಕ್ಕದಲ್ಲೇ. ಒಂದು ದಿನ ಕುಲ್ಸುಂ ಬೀ ಕಾಂಪೌಂಡಿನ ಒಳಗಿನಿಂದಲೇ ಕರೆದಳು.

“ಗಂಗಮ್ನೋರೇ, ನಿಮ್ಮ ಹುಡ್ಗಿ ಖಾಲಿ ಕೈಯಲ್ಲಿ ಕೂತಿರ್ತದೆ. ಡಾಕ್ಟ್ರು ಹೇಳಿ ಹೋಗಿಲ್ವಾ?”

“ಅತ್ತೆ ಬ್ಯಾಡ ಅಂದ್ರು. ಅದ್ರಲ್ಲಿ ಮೀನೆಣ್ಣೆ ಐತಂತೆ ಅಂತ ನಾನೇ ಹೇಳ್ದೆ.”

“ಆ ಮಾತ್ ಯಾಕ್ ಹೇಳಕ್ ಹೋದ್ರಿ?”

“ಡಾಕ್ಟ್ರು ಹೇಳಿದ್ದ ಹೇಳ್ದೆ.”

“ನಾನು ದಿನಾ ಕಲಸ್ತೀನಿ. ಮೀನಿನ ವಾಸ್ನೆ ನನಗ್ ಗೊತ್ತಿಲ್ವಾ? ಒಂದ್ ಚೂರೂ ಇಲ್ಲ.” ಕುಲ್ಸುಂ ಬೀ ದಬರಿಯ ಕಡೆ ನೋಡಿದಳು. “ಇನ್ನೂ ಐತೆ. ಕೊಡ್ಲಾ?”

ಗಂಗಾಂಬಿಕೆ ಬೇಕು ಎನ್ನಲಿಲ್ಲ, ಬೇಡವೆನ್ನಲಿಲ್ಲ. ಕ್ಯಾರಿಯರಿನ ಮೇಲೆ ಕವುಚಿದ್ದ ಗಂಡನ ಲೋಟವನ್ನು ತೆಗೆದು ಮುಂದೆ ಹಿಡಿದಳು. ದಾಕ್ಷಿ ಎರಡು ಕೈಯಲ್ಲಿ ಹಿಡಿದು ಗಟಗಟ ಕುಡಿದು, ತುಟಿಯ ಮೇಲೆ ಬಿಳಿ ಗೆರೆ ಇಟ್ಟುಕೊಂಡು ಅಮ್ಮನನ್ನು ನೋಡಿತು. ಗಂಗಾಂಬಿಕೆ ಸೆರಗಿನಿಂದ ಒರೆಸಿ, ನಲ್ಲಿಯಲ್ಲಿ ಲೋಟ ತೊಳೆದು, ಮಂಡಿಗೆ ಹೋದಳು. ಮಾರನೆಯ ದಿನವೂ ಹಾಗೆಯೇ ಆಯಿತು. ಅದರ ಮಾರನೆಯ ದಿನವೂ.

ಊಟ ತಡವಾಗತೊಡಗಿತು. ಷಡಕ್ಷರಿ ಕ್ಯಾರಿಯರ್ ಬಿಚ್ಚಿ ಮುಖ ಗಂಟು ಹಾಕಿಕೊಂಡ. “ಸಾರು ಆರಿ ತಣ್ಣಗಾಗೈತೆ. ಪೇಟೆ ಬೀದಿಯಿಂದ ಇಲ್ಲಿಗೆ ಬರಕ್ಕೆ ಸಿ.ಎಸ್. ಪುರದ ಮೇಲೆ ಬತ್ತೀಯೇನೆ?”

“ನಾಳೆ ಬ್ಯಾಗ ಬತ್ತೀನಿ.”

“ನಿನ್ನೇನೂ ಇದೇ ಅಂದೆ.”

ಗುಟ್ಟು ಹೊರಬಿದ್ದದ್ದು ದಾಕ್ಷಿಯ ಬಾಯಿಂದಲೇ. ರಾತ್ರಿ ಅಜ್ಜಿ ಮಜ್ಜಿಗೆ ಬಡಿಸಲು ಬಂದಾಗ ತಟ್ಟೆಗೆ ಕೈ ಅಡ್ಡ ಹಿಡಿಯಿತು. “ಇದು ಹುಳಿ. ಶಾಲೆ ಹಾಲು ಸೀ ಇರ್ತದೆ. ಅಮ್ಮ ಅಪ್ಪನ ಲೋಟದಾಗೆ ಕುಡಿಸ್ತಾಳೆ.”

ಬಸವಲಿಂಗಮ್ಮ ಮಜ್ಜಿಗೆಯ ಪಾತ್ರೆ ಕೆಳಗಿಟ್ಟರು.

“ನಿಜವೇನೇ?”

“ಹೂಂ ಅತ್ತೆ.”

“ಎಷ್ಟ್ ದಿನದಿಂದ?”

“ಡಾಕ್ಟ್ರು ಬಂದೋದ ವಾರದಿಂದ.”

“ಆ ಲೋಟ ತೊಳ್ದ ಕೈಯಲ್ಲೇ ನಂಗೆ ಮುದ್ದೆ ಕಟ್ಟಿದ್ದೀಯ. ಪೂಜೆ ಮಾಡ್ಕಂಡು ಬಂದು ನಾನ್ ಅದ್ನೇ ಉಂಡಿದ್ದೀನಿ.” ಅವರ ದನಿ ಏರಲಿಲ್ಲ. ಏರಿದ್ದರೆ ಎಷ್ಟೋ ವಾಸಿ ಇತ್ತು. “ಕೊಟ್ಟಿದ್ದಕ್ಕಲ್ಲ ಕಣವ್ವ. ನನ್ನೆದ್ರಿಗೆ ಕೊಟ್ಟಿದ್ರೆ ಜಗಳ ಆಡಿ ಸುಮ್ಕಾಗ್ತಿದ್ದೆ. ಕದ್ದು ಕೊಟ್ಟು, ನಂಗೂ ಉಣ್ಣಕ್ಕೆ ಇಕ್ಕಿದ್ಯಲ್ಲ.”

ಗಂಗಾಂಬಿಕೆಗೆ ಅದು ನಿಜವೆನಿಸಿತು. ತಪ್ಪಾಯಿತೆಂದು ಕಾಲಿಗೆ ಬೀಳಬೇಕಿತ್ತು. ಆದರೆ ಎದೆಯಲ್ಲಿ ಎದ್ದು ಬರಬೇಕಾದ್ದು ಎದ್ದು ಬರಲಿಲ್ಲ. ನಿಂತೇ ಇದ್ದಳು.

ಬೆಳಗಾಗುವಷ್ಟರಲ್ಲಿ ಹಿತ್ತಲ ಜಗಲಿಯಲ್ಲಿ ಮೂರು ಕಲ್ಲಿನ ಒಲೆ ಎದ್ದಿತ್ತು. ಬಸವಲಿಂಗಮ್ಮ ತವರಿನಿಂದ ತಂದಿದ್ದ ಹಿತ್ತಾಳೆ ಪಾತ್ರೆಯನ್ನು ಅಟ್ಟದಿಂದ ಇಳಿಸಿ, ಹುಣಸೆಹಣ್ಣು ಹಚ್ಚಿ ಬೆಳಗಿ, ತಮ್ಮ ಪಾಲಿನ ರಾಗಿಹಿಟ್ಟನ್ನು ಬೇರೆ ಡಬ್ಬಿಗೆ ಹಾಕಿಕೊಂಡರು. ಒಂದೇ ಸೂರಿನಡಿ ಎರಡು ಒಲೆ ಉರಿಯತೊಡಗಿದವು. ಬೀದಿಯ ಬಾಯಿ ಮುಚ್ಚುವವರು ಯಾರು? ಮೊಸರು ಮಾರುವ ಪುಟ್ಟಗಂಗಮ್ಮ ಹಿತ್ತಲ ಹೊಗೆ ನೋಡಿ, “ಏನವ್ವ, ಅತ್ತೆ ಸೊಸೆ ಪಾಲಾದ್ರಾ?” ಎಂದು ಕೇಳಿಯೇಬಿಟ್ಟಳು. ಗಂಗಾಂಬಿಕೆ ಮೊಸರಿಗೆ ಪಾತ್ರೆ ಹಿಡಿದಳು.

ಷಡಕ್ಷರಿ ತಾಯಿಯನ್ನು ಬೇಡಿಕೊಂಡ. “ಅವ್ವ, ವಯಸ್ಸಾಗೈತೆ ನಿಂಗೆ. ಹೊಗೇಲಿ ಯಾಕ್ ಸಾಯ್ತೀಯ? ಒಳಗ್ ಬಾ.”

“ನಂದೇನೈತೆ? ಒಂದ್ ಮುದ್ದೆ. ಮಾಡ್ಕಂತೀನಿ ಬುಡು.”

ಆಮೇಲೆ ಹೆಂಡತಿಯ ಹತ್ತಿರ ಬಂದ. “ನಿಲ್ಸ್ಬುಡೆ. ಒಂದ್ ಲೋಟ ಹಾಲ್ಗೆ ಮನೆ ಎರಡಾಗ್ಬೇಕಾ?”

“ಆಯ್ತು.”

ಆಯ್ತು ಎಂದವಳು ಮಧ್ಯಾಹ್ನ ಶಾಲೆಯ ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದಳು. ಅವನು ಅದನ್ನು ಹಟವೆಂದುಕೊಂಡ. ಬೀದಿಯವರು ಸೊಕ್ಕೆಂದರು. ಎರಡೂ ಅಲ್ಲ. ಶುರುವಾದ ಕೆಲಸ ನಡೆಯುತ್ತಿತ್ತು, ನಿಲ್ಲಿಸಬೇಕೆಂದರೆ ಮನಸ್ಸು ಬೇಕಿತ್ತು, ಅವಳಲ್ಲಿ ಅದೂ ಇರಲಿಲ್ಲ. ಮಗಳ ಕಣ್ಣು ಬಂದೀತೆಂಬ ಆಸೆ ಇತ್ತೆಂದೂ ಹೇಳುವಂತಿಲ್ಲ. ಆಸೆಪಟ್ಟರೆ ಏನಾಗುತ್ತದೆಂದು ಹೋದ ವರ್ಷ ನೋಡಿದ್ದಳು. ಈಗ ಬಚ್ಚಿಡುವುದನ್ನು ಮಾತ್ರ ಬಿಟ್ಟಿದ್ದಳು. ದಾಕ್ಷಿಗೇ ಬೇರೆ ಲೋಟ ಮಾಡಿ, ಅದನ್ನು ತೊಳೆದು ಅಡಿಗೆಮನೆಯ ಹೊರಗಿನ ಗೂಡಿನಲ್ಲಿ ಕವುಚಿಡುತ್ತಿದ್ದಳು. ಎಲ್ಲರಿಗೂ ಕಾಣುತ್ತಿತ್ತು.

ಚನ್ನವೀರಯ್ಯನವರಿಗೆ ಹೆಂಡತಿಯ ಜೊತೆ ವಾದ ಮಾಡಿ ಗೆದ್ದ ಅನುಭವವಿರಲಿಲ್ಲ. ಅವರು ಮಠಕ್ಕೆ ಹೋಗಿ ಕೇಳಿ ಬರುವುದೇ ಸರಿ ಎಂದು ಛತ್ರಿ ಹಿಡಿದು ಹೊರಟರು. ಮಠದ ಆಡಳಿತ ನೋಡಿಕೊಳ್ಳುವ ಮಹಾದೇವಯ್ಯ ಎಲ್ಲ ಕೇಳಿ ತಲೆ ಕೆರೆದುಕೊಂಡರಂತೆ. “ಪುಡಿ ಒಳಗೆ ಮೀನು ಐತೋ ಇಲ್ವೋ ಅಂತ ನಾವ್ ಹೆಂಗ್ ಹೇಳದು ಚನ್ನವೀರಣ್ಣ? ಸ್ವಾಮಿಗಳು ಪ್ರವಾಸದಲ್ಲವ್ರೆ. ಬರ್ಲಿ, ಕೇಳವ.” ಹೀಗೆಂದು, ಹೇಗೂ ಬಂದಿದ್ದಾರಲ್ಲ ಎಂದು ಮಠಕ್ಕೆ ಬೇಕಾದ ವಿಭೂತಿಗೆ ಆರ್ಡರ್ ಕೊಟ್ಟು ಕಳಿಸಿದರು. ಸ್ವಾಮಿಗಳು ಬಂದರು, ಮತ್ತೆ ಹೋದರು. ವಿಭೂತಿ ಹೋಯಿತು. ಉತ್ತರ ಬರಲಿಲ್ಲ.

ಬಸವಲಿಂಗಮ್ಮ ಮೊಮ್ಮಗಳ ಮೇಲೆ ಮುನಿಸಿಕೊಂಡಿರಲಿಲ್ಲ. ಹಿತ್ತಲ ನುಗ್ಗೆಮರದಿಂದ ದಿನಾ ಒಂದು ಹಿಡಿ ಸೊಪ್ಪು ತರಿದು ತಮ್ಮ ಒಲೆಯಲ್ಲಿ ಬಸಿದು, ಬೆಳಕಿರುವಾಗಲೇ ಬಟ್ಟಲಿಗೆ ಹಾಕಿ ದಾಕ್ಷಿಯನ್ನು ಕರೆಯುತ್ತಿದ್ದರು.

“ತಿನ್ನವ್ವ. ಇದ್ರಲ್ಲಿ ಯಾವ ಮೀನೂ ಇಲ್ಲ.”

ಮಗು ಎರಡು ತುತ್ತು ಕೆನ್ನೆಯಲ್ಲಿ ಇಟ್ಟುಕೊಂಡು, ಅಜ್ಜಿ ಅತ್ತ ತಿರುಗಿದಾಗ ನುಗ್ಗೆಮರದ ಹಿಂದೆ ಉಗಿದು ಬರುತ್ತಿತ್ತು. ಅಜ್ಜಿ ತಮಗೂ ಇದೇ ಸೊಪ್ಪಿನ ಸಾರು ಮಾಡಿಕೊಂಡು ಹೊಟ್ಟೆ ತುಂಬ ಉಣ್ಣುತ್ತಾರೆಂದು ಒಳಗಿನವರು ತಿಳಿದಿದ್ದರು. ಜಗಲಿಗೆ ದೀಪವಿರಲಿಲ್ಲ. ಸಂಜೆಯ ಪೂಜೆ ಮುಗಿಸಿ, ಕತ್ತಲು ಇಳಿಯುವ ಹೊತ್ತಿಗೆ ಅವರು ಗೋಡೆಯ ಕಡೆ ಮುಖ ಮಾಡಿ ಕೂತು ಊಟ ಮುಗಿಸುತ್ತಿದ್ದರು. ಅವರ ತಟ್ಟೆಯಲ್ಲಿ ಏನಿದೆಯೆಂದು ಹೋಗಿ ನೋಡಿದವರಿಲ್ಲ. ನಡುಮನೆಯ ಒಂದು ಬಲ್ಬಿನ ಕೆಳಗೆ ಮಿಕ್ಕವರು ಮಾತಿಲ್ಲದೆ ಉಣ್ಣುತ್ತಿದ್ದರು. ಷಡಕ್ಷರಿ ಅರ್ಧಕ್ಕೆ ಏಳುತ್ತಿದ್ದ.

ಸಂಕ್ರಾಂತಿಗೆ ಎಳ್ಳುಬೆಲ್ಲವೂ ಎರಡು ತಟ್ಟೆಯಲ್ಲಿ ಬೇರೆಬೇರೆಯಾಗಿಯೇ ಬೀದಿಗೆ ಹೋಯಿತು. ಆ ವಾರ ಗಂಗಾಂಬಿಕೆ ಶಾಲೆಯ ಬಳಿ ಸದಾಶಿವಯ್ಯ ಮೇಷ್ಟ್ರಿಗೆ ಎದುರಾದಳು.

“ಹುಡ್ಗಿ ಹೆಂಗೈತೆ ಮೇಷ್ಟ್ರೇ?”

“ಏನ್ ಹೇಳ್ಲಮ್ಮ. ‘ಅ’ ಬರೀತಾಳೆ, ‘ಆ’ ತಿರುಗಾಮುರುಗ ಬರೀತಾಳೆ. ಆದ್ರೆ ಒಂದು, ಮೊದ್ಲು ಕರೆದ್ರೆ ಓ ಅಂತಿರಲಿಲ್ಲ. ಈಗ ಪಕ್ಕದವಳ ಬಳಪ ಕಿತ್ಕಂಡ್ಲು ಅಂತ ದೂರು ಬರ್ತದೆ.”

“ಉಗಾದಿಗೆ ಬಿಡ್ಸ್ತಾರಂತೆ.”

“ಬಳಪ ಕಿತ್ಕಳೋಳ್ನ ಯಾಕ್ ಬಿಡಿಸ್ತೀರಿ?” ಎಂದು ಮೇಷ್ಟ್ರು ಒಳಗೆ ಹೋದರು.

ಗಂಗಾಂಬಿಕೆ ಆ ಮಾತನ್ನು ಮನೆಗೆ ಒಯ್ದಳು. ಆದರೆ ಯಾರಿಗೆ ಹೇಳುವುದು ಎಂದು ಗೊತ್ತಾಗದೆ ಹಾಗೆಯೇ ಇಟ್ಟುಕೊಂಡಳು.

ಅವತ್ತಿನ ಸಂಜೆ ಅವಳು ಅಡಿಗೆಮನೆಯಲ್ಲಿ ಹುರುಳಿ ಸಾರು ಕುದಿಸುತ್ತಿದ್ದಳು. ಷಡಕ್ಷರಿ ಆಗತಾನೆ ಬಂದು ಕಾಲು ತೊಳೆದು ನಡುಮನೆಯಲ್ಲಿ ಕೂತಿದ್ದ. ಕರೆಂಟು ಹೋಗಿ ಬಲ್ಬು ಉರಿಯುತ್ತಿರಲಿಲ್ಲ. ಹೊರಗೆ ಬೆಳಕು ಹೋಗಿ ಮನುಷ್ಯರ ಆಕಾರವಷ್ಟೇ ಉಳಿದಿತ್ತು. ಕಂಬದ ಬುಡದಲ್ಲಿ ಕೂತಿದ್ದ ದಾಕ್ಷಿ ಎದ್ದಿತು. ಯಾರೂ ಎಬ್ಬಿಸಿರಲಿಲ್ಲ. ಅಡಿಗೆಮನೆಯ ಬಾಗಿಲಿಂದ ಗಂಗಾಂಬಿಕೆ ನೋಡುತ್ತಿದ್ದಳು. ಎಡವುತ್ತದೆ, ಹೋಗಿ ಹಿಡಿಯಬೇಕು ಎಂದುಕೊಂಡಳು. ಮಗು ಕಂಬ ಬಿಟ್ಟು, ಹಿತ್ತಲ ಹೊಸ್ತಿಲು ದಾಟಿ, ಒರಳಿನ ಹತ್ತಿರ ಸ್ವಲ್ಪ ಪಕ್ಕಕ್ಕೆ ಸರಿದು, ನೀರಿನ ಕೊಡ ಬಳಸಿ, ಜಗಲಿಯ ಮುಂದೆ ಹೋಗಿ ನಿಂತಿತು.

“ಅಜ್ಜಿ, ನೀನ್ ಇಲ್ಲಿ ಒಬ್ಳೇ ಉಣ್ತೀಯಾ?”

“ಹೂಂ ಕಣವ್ವ. ಬೆಳಕಿಲ್ಲ, ಬೀಳ್ತೀಯ. ಒಳಿಕ್ಕೋಗು.”

“ಅಜ್ಜಿ, ನಿನ್ ತಟ್ಟೇಲಿ ಸಾರೇ ಇಲ್ಲ. ಬರೀ ಮುದ್ದೆ, ಉಪ್ಪು.”

ಬಸವಲಿಂಗಮ್ಮನ ತುತ್ತು ಬಾಯಿಗೆ ಹೋಗಲಿಲ್ಲ. ಒಳಗೆ ಷಡಕ್ಷರಿ ಎದ್ದು ನಿಂತದ್ದು ಕೇಳಿಸಿತು. ತಮ್ಮ ಪಾಲಿನ ಸೊಪ್ಪನ್ನೆಲ್ಲ ಮಗುವಿನ ಬಟ್ಟಲಿಗೆ ಹಾಕಿ, ಈ ಹೆಂಗಸು ಇಷ್ಟು ವಾರ ಬರೀ ಮುದ್ದೆ ನುಂಗುತ್ತಿದ್ದರೆಂದು ಆ ಮನೆಯಲ್ಲಿ ಮೊದಲು ಕಂಡದ್ದು ಇರುಳುಗಣ್ಣಿನ ಮಗುವಿಗೆ.

“ಉಪ್ಪು ಎಲ್ಲೈತೆ?” ಎಂದು ಕೇಳಿದರು ಬಸವಲಿಂಗಮ್ಮ.

“ಅಲ್ಲಿ. ಮುದ್ದೆ ಪಕ್ಕದಾಗೆ. ಒಂಚೂರು.”

ಗಂಗಾಂಬಿಕೆ ಒಲೆಯ ಮೇಲಿನ ಸಾರಿನ ಪಾತ್ರೆಯನ್ನು ಎರಡು ಕೈಯಲ್ಲಿ ಹಿಡಿದು ಇಳಿಸಿದಳು. ಬಟ್ಟಲಿಗೆ ಬಗ್ಗಿಸಿದಳು. ಹಿತ್ತಲ ಹೊಸ್ತಿಲವರೆಗೆ ಹೋಗಿ ನಿಂತಳು. ಅತ್ತೆಯ ಊಟದ ಹೊತ್ತಿನಲ್ಲಿ ಅದರಾಚೆಗೆ ಹೋಗುವ ಹಕ್ಕು ಅವಳಿಗಿರಲಿಲ್ಲ. ದಾಕ್ಷಿ ತಾನೇ ಬಂದು ಅಮ್ಮನ ಸೀರೆಯ ಸೆರಗನ್ನು ಮಡಿಸಿಕೊಂಡು ಬಟ್ಟಲು ಹಿಡಿದು, ಒರಳು ಬಳಸಿ, ಕೊಡ ಬಳಸಿ, ಕತ್ತಲಲ್ಲಿ ನಡೆಯಲು ಹೊರಟಿತು. ಸೆರಗು ಸಾಲದೆ ಎಳೆದಾಗ ಗಂಗಾಂಬಿಕೆಯೂ ಹಿಂದೆ ಹೋಗಬೇಕಾಯಿತು, ಹೊಸ್ತಿಲು ದಾಟಿದ್ದು ಅವಳಿಗೆ ತಿಳಿಯಲಿಲ್ಲ. ಒಂದು ತೊಟ್ಟೂ ಚೆಲ್ಲಲಿಲ್ಲ.

ಬಸವಲಿಂಗಮ್ಮ ಆ ಮಗು ನಡೆದು ಬರುವುದನ್ನೇ ನೋಡುತ್ತಿದ್ದರು. ಬಂದು ತಟ್ಟೆಯ ಮೇಲೆ ಬಟ್ಟಲು ಬಗ್ಗಿಸಿದಾಗ ಕೈ ಅಡ್ಡ ಹಿಡಿಯಲಿಲ್ಲ. ಸಾರು ಮುದ್ದೆಯ ಸುತ್ತ ಹರಡಿತು. ಅವರು ತುತ್ತು ಮುರಿದು, ಅದ್ದಿ, ನುಂಗಿದರು.

ಹಾಲಿನ ಮಾತನ್ನು ಯಾರೂ ಎತ್ತಲಿಲ್ಲ. ಅವತ್ತೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ.

ಗಂಗಾಂಬಿಕೆ ಒಳಗೆ ಬಂದು ಒಲೆಯ ಮುಂದೆ ನಿಂತಳು. ಬೆರಳ ತುದಿಗಳಲ್ಲಿ ಏನೋ ಆಗುತ್ತಿತ್ತು. ಮೊದಲು ಚುರುಚುರು ಎಂದಿತು, ನಂತರ ಉರಿಯತೊಡಗಿತು, ತಡೆಯಲಾರದಷ್ಟು ಉರಿಯಿತು. ಎರಡು ಕೈಯನ್ನೂ ಹಂಡೆಯ ನೀರಿನಲ್ಲಿ ಅದ್ದಿದಳು. “ಅಯ್ಯೋ” ಎಂದಳು. ತನ್ನ ದನಿಯೇ ಹೊಸದಾಗಿ ಕೇಳಿಸಿತು. ಇನ್ನೊಮ್ಮೆ “ಅಯ್ಯೋ” ಎಂದಳು, ಅಷ್ಟರಲ್ಲಿ ಕಣ್ಣಲ್ಲಿ ನೀರು ಬಂದು ಕೆನ್ನೆ ದಾಟಿ ಹಂಡೆಗೆ ಬೀಳುತ್ತಿತ್ತು.

“ಏನಾಯ್ತೇ?” ಎಂದು ಷಡಕ್ಷರಿ ಓಡಿಬಂದ.

“ಕೈ ಸುಟ್ಟೋಯ್ತು.”

ಹಿತ್ತಲ ಕತ್ತಲೆಯಿಂದ ಬಸವಲಿಂಗಮ್ಮನ ದನಿ ಬಂತು. ಎಷ್ಟೋ ವಾರಗಳ ಮೇಲೆ ಅವರು ಸೊಸೆಯ ಜೊತೆ ಆಡಿದ ಮೊದಲ ಮಾತು ಅದು.

“ಬಟ್ಟೆ ಹಿಡ್ಕಂಡು ಇಳ್ಸು ಅಂತ ನಾನ್ ಹೇಳ್ತಿರ್ಲಿಲ್ವೇನೇ?”